ಹೊಟ್ಟೆ ತಣ್ಣಗಿರಲಿ ಎಂದವರಿಗೆ

ಮಲ್ಲೇಶ್ವರಂ
ಜನವರಿ ೯, ಶುಕ್ರವಾರ

ಪ್ರೀತಿಯ ಅತ್ತೆಗೆ ಬಿಂದು ಮಾಡುವ ನಮಸ್ಕಾರ.

ಹಾಗೆ ಕರೆಯುವ ಹಕ್ಕು ಇನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಮಗನಿಂದ ಬೇರೆಯಾದ ಮೇಲೂ ಬಾಯಿಗೆ ಬೇರೆ ಹೆಸರು ಬರುತ್ತಿಲ್ಲ. ಫೋನು ಮಾಡಿದರೆ ಮನೋಹರ್ ಎತ್ತಬಹುದು, ನೀವೇ ಎತ್ತಿದರೆ ನಾನು ಅತ್ತುಬಿಡಬಹುದು. ಅದಕ್ಕೇ ಈ ಕಾಗದ.

ಸಂಪಿಗೆ ರಸ್ತೆಯ ಮಹಡಿಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುವುದು ನಡೆದಿದೆ. ಈ ವಾರ 'ವಾರ್ಮ್' ಎಂಬ ಪದ. ಅದು ನೀರು, ಕಾಫಿಗಷ್ಟೇ ಅಲ್ಲ, ಮನುಷ್ಯರಿಗೂ ಸಲ್ಲುತ್ತದೆ ಎಂದೆ. ಪ್ರೀತಿಯಿಂದ ಬರಮಾಡಿಕೊಂಡರೆ ವಾರ್ಮ್ ವೆಲ್‌ಕಮ್, ಅಕ್ಕರೆ ಇರುವವರು ವಾರ್ಮ್ ಪರ್ಸನ್. ಆಟೋ ಓಡಿಸುವ ರಾಮಾಂಜಿನಪ್ಪ, "ನಮ್ಮಲ್ಲಿ ಬಿಸಿ ಮುಟ್ಸೋದು ಅಂದ್ರೆ ಬೇರೇನೇ ಅಲ್ವಾ ಮೇಡಂ?" ಅಂದರು. ಕ್ಲಾಸೆಲ್ಲ ನಕ್ಕಿತು. ಇಂಗ್ಲಿಷಿನವರದು ಚಳಿ ದೇಶ, ನಮ್ಮದು ಬಿಸಿಲ ಸೀಮೆ, ನಮಗೆ ತಂಪೇ ಪ್ರೀತಿ ಎಂದು ದೊಡ್ಡ ಪಂಡಿತಳ ಹಾಗೆ ಹೇಳಿ ಉದಾಹರಣೆ ಕೊಡಲು ಹೋದೆ. ಬಾಯಿಗೆ ಬಂದದ್ದು ನಿಮ್ಮ ಮಾತು. ನಾನು ನಿಮ್ಮ ಕಾಲಿಗೆ ಎಣ್ಣೆ ತಿಕ್ಕಿದಾಗಲೆಲ್ಲ "ನಿನ್ ಹೊಟ್ಟೆ ತಣ್ಣಗಿರ್ಲಿ ಕಣಮ್ಮ" ಅನ್ನುತ್ತಿದ್ದಿರಲ್ಲ, ಅದು. ಬೋರ್ಡ್ ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿದೆ.

ಇಲ್ಲಿ ರೂಮಿನಲ್ಲಿ ನನಗೇನೂ ಕಡಿಮೆಯಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ನಿದ್ದೆ ಬರುತ್ತದೆ. ಸುಳ್ಳು ಯಾಕೆ, ಬರುವುದಿಲ್ಲ. ಮೊನ್ನೆ ಸೊಗಡಿಗೆ ಸೋತು ಅವರೆಕಾಯಿ ತಂದೆ. ಬಿಡಿಸಿ, ನೆನೆಸಿ, ಸಿಪ್ಪೆ ಹಿದುಕಲು ಒಬ್ಬಳೇ ಕೂತೆ. ನಾವಿಬ್ಬರೂ ಎದುರುಬದುರು ಕೂತಾಗ ಬೇಳೆ ಚಿಮ್ಮಿ ನಿಮ್ಮ ಕನ್ನಡಕಕ್ಕೆ ಬಡಿಯುತ್ತಿತ್ತು. ನೀವು ಬೇಕೆಂದೇ ನನ್ನ ಕಡೆಗೊಂದು ಚಿಮ್ಮಿಸುತ್ತಿದ್ದಿರಿ. ಇಲ್ಲಿ ಅದು ಗೋಡೆಗೆ ಬಡಿದು ಕೆಳಗೆ ಬಿತ್ತು. ಎತ್ತಿಕೊಳ್ಳಲೂ ಮನಸ್ಸಾಗಲಿಲ್ಲ.

ಮನೋಹರ್ ಜೊತೆ ಮತ್ತೆ ಬಾಳುವ ಮಾತಲ್ಲ ಇದು. ಅದು ಮುಗಿಯಿತು. ನನಗೆ ಬೇಕಿರುವುದು ನೀವು. ಭಾನುವಾರ ಅವರು ಮನೆಯಲ್ಲಿಲ್ಲದ ಹೊತ್ತು ನೋಡಿ ಚಾಮರಾಜಪೇಟೆಗೆ ಅವರೆ ಹಿದುಕಲು ಬರಲೇ? ಬೇಡ ಎಂದರೆ ತುಂಬ ಬೇಜಾರಾಗುತ್ತದೆ. ಆದರೂ ತಡೆದುಕೊಳ್ಳುತ್ತೇನೆ.

ಇಂತಿ ನಿಮ್ಮ
(ಸೊಸೆ ಎಂದು ಬರೆದು ಹೊಡೆದುಹಾಕಿದ್ದೇನೆ)
ಬಿಂದು

ಮರೆತ ಮಾತು: ಇನ್ನು ಈ ಮನೆಗೆ ಕಾಲಿಡುವುದಿಲ್ಲ ಎಂದು ಆವತ್ತು ಅಷ್ಟು ಕೂಗಾಡಿದವಳು, ಸೂಟ್‌ಕೇಸ್ ಹಿಡಿದು ಹೊಸ್ತಿಲು ದಾಟುವಾಗ ರೂಢಿಯಂತೆ "ಹೋಗ್ಬಿಟ್ ಬರ್ತೀನಿ ಅತ್ತೆ" ಅಂದುಬಿಟ್ಟೆ. ನಮ್ಮಲ್ಲಿ ಬರೀ 'ಹೋಗ್ತೀನಿ' ಎಂದು ಯಾರು ಹೇಳುತ್ತಾರೆ! ನೀವೂ ಅಡುಗೆಮನೆಯಿಂದ "ಹೂಂ, ಹುಷಾರಾಗಿ ಬಾ" ಅಂದಿರಿ. ಅಂದಿನಿಂದ ಆ ಮಾತನ್ನೇ ಹಿಡಿದುಕೊಂಡು ಕೂತಿದ್ದೇನೆ. ನೀವು ಬರೀ ರೂಢಿಗೆ ಅಂದಿದ್ದರೂ ಸರಿಯೇ, ಹಾಗೆಂದು ನನಗೆ ಹೇಳಬೇಡಿ.