ಲಗಮವ್ವ ನೀರು ಕುಡಿಯದ ಕಾರಣ

ಮಾರ್ಚ್ ೧೨, ಬುಧವಾರ. ಇಚಲಕರಂಜಿ.

ಡಾಕ್ಟರು ಬರೆದದ್ದರಲ್ಲಿ ತಪ್ಪಿಲ್ಲ: ಮೂತ್ರದ ಸೋಂಕು, ಅದರಿಂದ ಜ್ವರ. ಔಷಧಿಯೂ ಸರಿಯಾದದ್ದೇ. ಆದರೂ ನಮ್ಮ ವಾರ್ಡಿನ ಏಳನೇ ಹಾಸಿಗೆಯ ಲಗಮವ್ವನ ತಂಬಿಗೆ ಮೂರು ದಿನದಿಂದ ತುಂಬಿದ ಹಾಗೆಯೇ ಇತ್ತು. ನಾನು ಫೈಲಿನಲ್ಲಿ 'ನೀರು ಕುಡಿಯುತ್ತಿಲ್ಲ, ತಿಳಿವಳಿಕೆ ಹೇಳಬೇಕು' ಎಂದು ಬರೆದು ಮುಗಿಸಿದ್ದೆ. ತಿಳಿವಳಿಕೆ! ಈಗ ನಾಚಿಕೆಯಾಗುತ್ತಿದೆ.

ಇವತ್ತು ಪಕ್ಕದಲ್ಲಿ ಕೂತು ಕೇಳಿದೆ. "ಮೌಶಿ, ನೀರು ಯಾಕ ಕುಡಿಯಂಗಿಲ್ರಿ?"

ಆಕೆ ದನಿ ತಗ್ಗಿಸಿದಳು. "ಕುಡದ್ರ ಹೋಗಬೇಕಾಗತೈತಲ್ರಿ ನರ್ಸಬಾಯಿ. ಯಡ್ರಾವ ಊರಾಗ ನಮ್ಮ ಮಗ್ಗದ ಶೆಡ್ಡಿನಾಗ ಹೆಣಮಕ್ಕಳಿಗೆ ಸಂಡಾಸ ಇಲ್ಲ. ಇಪ್ಪತ್ತು ವರ್ಷ ಆತು, ಮುಂಜಾನಿ ಚಾ ಕುಡದ್ರ ಮುಗೀತು, ಸಂಜಿತನಕ ಹನಿ ನೀರು ಮುಟ್ಟಂಗಿಲ್ಲ. ಇಲ್ಲಿ ನೋಡಿದ್ರ ಬಾಗಲಕ್ಕ ಚಿಲಕಾನ ಇಲ್ಲ."

ವಾರ್ಡಿನ ಶೌಚಾಲಯದ ಚಿಲಕ ಮುರಿದದ್ದು ನನಗೂ ಗೊತ್ತಿತ್ತು. ನರ್ಸುಗಳು ನಾವು ಬೇರೆ ಕಡೆ ಹೋಗುತ್ತೇವೆ.

ಆಕೆಯನ್ನು ಕರೆದುಕೊಂಡು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಬಂದವಳೇ ಎರಡು ಲೋಟ ಗಟಗಟ ಕುಡಿದಳು. ಸಂಜೆಯೊಳಗೆ ಚಿಲಕ ಹಾಕಿಸಿದೆ. ಫೈಲಿನ ಹಳೆಯ ಸಾಲು ಹೊಡೆದುಹಾಕಿ, 'ಶೌಚಕ್ಕೆ ಹೋಗುವ ಅಂಜಿಕೆಯಿಂದ ನೀರು ಬಿಟ್ಟಿದ್ದಾರೆ' ಎಂದು ಬರೆದೆ. ಸೋಂಕನ್ನು ಡಾಕ್ಟರು ಮೊದಲ ದಿನವೇ ಗುರುತಿಸಿದ್ದರು. ಅಂಜಿಕೆಯನ್ನು ಗುರುತಿಸಬೇಕಾದವಳು ನಾನು. ಮೂರು ದಿನ ತಡ ಮಾಡಿದೆ.

ಶುಕ್ರವಾರ ಆಕೆ ಮನೆಗೆ ಹೋಗುತ್ತಾಳೆ, ಸೋಮವಾರ ಶೆಡ್ಡಿಗೆ. ಬಿಡುಗಡೆ ಚೀಟಿಯಲ್ಲಿ 'ಚೆನ್ನಾಗಿ ನೀರು ಕುಡಿಯಿರಿ' ಎಂದು ಬರೆಯಬೇಕು. ಶೌಚಕ್ಕೆ ಎಲ್ಲಿಗೆ ಹೋಗಬೇಕು ಎಂದು ಏನು ಬರೆಯಲಿ? ಶೆಡ್ಡಿನ ಮಾಲೀಕರಿಗೆ ನಾನೇ ಫೋನ್ ಮಾಡಿದರೆ... ಆಕೆಯ ಕೆಲಸಕ್ಕೇ ಕುತ್ತು ಬಂದರೆ? ನಾಳೆ ಮೊದಲು ಆಕೆಯನ್ನೇ ಕೇಳಬೇಕು.