ಕಂಬದ ಮೇಲಿಂದ ಕಳಿಸಿದ ಫಾರ್ಮು

ಮನೆಯಿಂದ,
ತಾರೀಖು ೧೪, ಬುಧವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಯಜಮಾನರು ಎಂದು ಬರೆದದ್ದನ್ನು ನೋಡಿ ನಗಬೇಡಿ. ಎದುರಿಗಿದ್ದರೆ ‘ರೀ’ ಎಂದು ಕೂಗಿದರೆ ಸಾಕು, ಕಾಗದದ ಮೇಲೆ ‘ಪ್ರೀತಿಯ ರೀ’ ಎಂದು ಬರೆದರೆ ಚೆನ್ನಾಗಿರುವುದಿಲ್ಲ. ಹೇಗಿದ್ದೀರಿ? ಮಂಡಿ ನೋವು ಹೇಗಿದೆ? ಎಣ್ಣೆ ಬಾಟಲಿ ಕಳಿಸಿದ್ದು ಟ್ರಂಕಿನಲ್ಲಿ ಭದ್ರವಾಗಿಡಲು ಅಲ್ಲ, ಹಚ್ಚಿಕೊಳ್ಳಲು. ಕ್ಯಾಂಪಿನ ಅಡುಗೆಯವನು ಈಗಲಾದರೂ ಉಪ್ಪು ಹಾಕುವುದನ್ನು ಕಲಿತನೇ? ಇಲ್ಲಿ ಅತ್ತೆ ಆರೋಗ್ಯವಾಗಿದ್ದಾರೆ. ಕಣ್ಣಿಗೆ ಹನಿ ಹಾಕುವಾಗ ನನ್ನನ್ನು ಗದರುತ್ತಾರೆ, ಅಂದರೆ ಗಟ್ಟಿಯಾಗಿದ್ದಾರೆ ಎಂದೇ ಲೆಕ್ಕ. ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆ, ಸಂದಿನಿಂದ ಸಿಳ್ಳೆ ಹೊಡೆಯುವುದನ್ನು ಕಲಿತು ಮನೆಯವರ ಕಿವಿ ಕಿತ್ತುಹಾಕುತ್ತಿದ್ದಾಳೆ. ಎಲ್ಲ ಕ್ಷೇಮ ಎಂದು ಇಲ್ಲಿಗೇ ಮುಗಿಸೋಣವೆಂದರೆ ಕೈ ಒಪ್ಪುತ್ತಿಲ್ಲ. ನನಗೆ ಹೆದರಿಕೆಯಾಗಿದೆ ಕಣ್ರೀ. ಭಾನುವಾರ ನೀವು ದಿಬ್ಬ ಹತ್ತಿ ಫೋನ್ ಮಾಡಿದಾಗಲೇ ಹೇಳಬೇಕೆಂದಿದ್ದೆ. ಒಂದು ಮಾತು ಕೇಳಿಸಿದರೆ ಎರಡು ಗಾಳಿಗೆ ಹೋಗುತ್ತಿತ್ತು, ಕೇಳಿಸಿದ್ದಕ್ಕೆಲ್ಲ ನೀವು ತಮಾಷೆ ಮಾಡಿದಿರಿ. ಅದಕ್ಕೇ ಕಾಗದ. ಕಾಗದದ ಮಧ್ಯೆ ಬಾಯಿ ಹಾಕಲು ನಿಮಗೆ ಆಗುವುದಿಲ್ಲ.

ನಿಮಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಕುರ್ಚಿಯಿಂದ ನಿಮ್ಮ ಕೆಲಸ ಹೇಗೆ ಕಾಣುತ್ತದೆ ಎಂದು ನೀವು ಒಂದು ದಿನವೂ ಕೇಳಿದವರಲ್ಲ. ಬೆಳಿಗ್ಗೆ ಕಂಟ್ರೋಲ್ ರೂಮಿನಲ್ಲಿ ಕೂತ ತಕ್ಷಣ ಯಾವ ಗ್ಯಾಂಗು ಯಾವ ಕರೆಂಟ್ ಲೈನಿಗೆ ಹೋಗಬೇಕೆಂದು ಫಾರ್ಮ್ ಕಳಿಸುತ್ತೇನೆ, ಅದು ಅವರವರ ಮೊಬೈಲಿನಲ್ಲಿ ಟಿಂಗ್ ಎನ್ನುತ್ತದೆ. ಅವರು ಜಾಗ ಮುಟ್ಟಿದರೆ ನಕ್ಷೆಯ ಮೇಲೆ ಒಂದು ಚುಕ್ಕಿ ಬರುತ್ತದೆ. ನಾನು ಕರೆಂಟು ತೆಗೆಯುತ್ತೇನೆ, ಅವರು ಹತ್ತುತ್ತಾರೆ. ಕೆಲಸ ಮುಗಿದ ಮೇಲೆ ಅದೇ ಫಾರ್ಮಿನಲ್ಲಿ ಟಿಕ್ ಹಾಕಬೇಕು: ತಂತಿ ಸರಿಯಾಯಿತೇ, ಸಾಮಾನೆಲ್ಲ ತೆಗೆದಿರಾ, ಎಲ್ಲರೂ ಕೆಳಗಿಳಿದರಾ. ಎಲ್ಲಕ್ಕೂ ಟಿಕ್ ಬಿದ್ದರೆ ನನ್ನ ಪರದೆಯಲ್ಲಿ ಆ ಸಾಲು ಹಸಿರಾಗುತ್ತದೆ. ಹಸಿರಾದರೆ ನಾನು ಒತ್ತಬೇಕು, ಒತ್ತಿದರೆ ತಂತಿಗೆ ಕರೆಂಟು ಬರುತ್ತದೆ. ತಡವಾದರೆ ಅವರಿಗೂ ಕೆಂಪು ಗುರುತು, ನನಗೂ ಕೆಂಪು ಗುರುತು, ಸಂಬಳಕ್ಕೂ ಕತ್ತರಿ. ಹಿಂದೆ ವೈರ್‌ಲೆಸ್ಸಿನಲ್ಲಿ ‘ಇಳಿದ್ವಿ, ಇಳಿದ್ವಿ’ ಎಂದು ನೀವೆಲ್ಲ ಕಿರುಚುತ್ತಿದ್ದಿರಲ್ಲ, ತಲೆ ಸಿಡಿಯುತ್ತಿತ್ತು, ಆದರೂ ಏದುಸಿರು ಕೇಳಿಸುತ್ತಿತ್ತು. ಈಗ ಕೋಣೆ ತಣ್ಣಗಿದೆ, ಸದ್ದೇ ಇಲ್ಲ. ಮನುಷ್ಯ ಕಂಬದ ಬುಡದಲ್ಲಿದ್ದಾನೋ ತುದಿಯಲ್ಲಿದ್ದಾನೋ ಆ ಚುಕ್ಕಿಗೆ ಗೊತ್ತಾಗುವುದಿಲ್ಲ.

ಹೋದ ವಾರ ಕೊಕ್ಕರೆಯ ಫಾರ್ಮ್ ಬಂತು. ನಿಮ್ಮ ಹಳೆಯ ಗ್ಯಾಂಗಿನ ಕೊಕ್ಕರೆಯೇ, ಕಾಲು ಉದ್ದ ಎಂದು ನೀವೇ ಇಟ್ಟ ಹೆಸರು. ಕಲ್ಲುಗಣಿಯ ಹಿಂದಿನ ತಗ್ಗಿನಲ್ಲಿ ಕಂಬದ ತುದಿಯಲ್ಲಿ ತಂತಿ ಹಿಡಿದಿಡುವ ಪಿಂಗಾಣಿ ಒಡೆದದ್ದನ್ನು ಬದಲಾಯಿಸಲು ಹೋಗಿದ್ದ. ಟಿಕ್ ಎಲ್ಲ ಸರಿಯಿತ್ತು, ಹಸಿರಾಯಿತು, ಒತ್ತಿದೆ. ಒತ್ತಿದ್ದೇ ತಡ, ಲೈನು ಟ್ರಿಪ್ ಆಗಿ ಅಲಾರಂ ಹೊಡೆದುಕೊಂಡಿತು. ಎಲ್ಲೋ ಕೊಂಬೆ ತಾಗಿರಬೇಕು ಅಂದುಕೊಂಡೆ. ಅಂದುಕೊಂಡು, ನೋಡಿ ನನ್ನ ಬುದ್ಧಿ, ಚಹಾ ಆರಿಹೋಗುತ್ತದೆ ಎಂದು ಲೋಟಕ್ಕೆ ಕೈ ಹಾಕಿದೆ. ಆಗ ಫೋನ್ ಬಂತು. ಅವನ ಜೊತೆಯವನು ರಸ್ತೆಯವರೆಗೂ ಓಡಿಬಂದು ಮಾಡಿದ್ದ. ‘ಯಾಕಕ್ಕಾ ಕರೆಂಟ್ ಕೊಟ್ಟೆ? ಅವನಿನ್ನೂ ಮೇಲೇ ಇದ್ನಲ್ಲಕ್ಕಾ’ ಎಂದು ಗೋಳೋ ಎಂದು ಅತ್ತ. ಬದುಕಿದ್ದಾನೆ, ಗಾಬರಿಯಾಗಬೇಡಿ. ಪಕ್ಕದ ಕಂಬಕ್ಕೆ ಕಟ್ಟಿದ್ದ ಅರ್ಥಿಂಗ್ ತಂತಿ ಬಿಚ್ಚುವುದು ಬಾಕಿಯಿತ್ತಂತೆ, ಕರೆಂಟು ಅದರ ದಾರಿ ಹಿಡಿದು ನೆಲಕ್ಕಿಳಿಯಿತು. ಅವನ ಬಲಗೈ ಸುಟ್ಟಿದೆ, ಒಂದು ಕಿವಿ ಕೇಳಿಸುತ್ತಿಲ್ಲ, ಬೆಲ್ಟಿನಲ್ಲಿ ನೇತಾಡುತ್ತಿದ್ದವನನ್ನು ಹಗ್ಗ ಹಾಕಿ ಇಳಿಸಿದರು. ಆ ಒಂದು ತಂತಿಯನ್ನೂ ಬಿಚ್ಚಿದ್ದರೆ ಅವನು ಇವತ್ತು ಇರುತ್ತಿರಲಿಲ್ಲ. ಒತ್ತಿದ ಬೆರಳು ನನ್ನದು.

ಆಸ್ಪತ್ರೆಗೆ ಹೋದೆ. ಅವನ ಹೆಂಡತಿ ಹಿಗ್ಗಾಮುಗ್ಗಾ ಬೈಯುತ್ತಾಳೆ ಎಂದು ಬಾಗಿಲಲ್ಲೇ ನಿಂತಿದ್ದರೆ, ಆಕೆ ತಾನು ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ಟಳು. ಬೈದಿದ್ದರೇ ವಾಸಿಯಿತ್ತು. ಕೊನೆಗೆ ಕೊಕ್ಕರೆಯೇ ನನಗೆ ಸಮಾಧಾನ ಹೇಳಿದ. ‘ನಿನ್ ತಪ್ಪಲ್ಲ ಬಿಡಕ್ಕಾ. ಆ ತಗ್ಗಲ್ಲಿ ಕೆಳಗೆ ಸಿಗ್ನಲ್ ಸಿಗಲ್ಲ, ಕಂಬದ ಮೇಲೆ ಮಾತ್ರ ಸಿಗತ್ತೆ. ಇಳಿದು ರಸ್ತೆವರೆಗೂ ನಡೆದು ಕಳ್ಸೋಷ್ಟ್ರಲ್ಲಿ ಕೆಂಪು ಬಿದ್ದಿರತ್ತೆ. ಅದಕ್ಕೆ ಮೇಲಿಂದ್ಲೇ ಕಳ್ಸಿ ಬೇಗ್ಬೇಗ ಇಳಿದ್ಬಿಡ್ತೀವಿ. ನಮಗೆಲ್ಲ ಹೇಳ್ಕೊಟ್ಟಿದ್ದು ಅಣ್ಣಾನೇ ಅಲ್ವಾ’ ಎಂದ. ಅಣ್ಣ ಅಂದರೆ ನೀವು. ಫಾರ್ಮ್ ಹೋದ ಮೇಲೆ ಕಂಟ್ರೋಲ್ ರೂಮಿನವರು ನೋಡಿ ಒತ್ತುವುದಕ್ಕೆ ಹೇಗೂ ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ನೆಲ ಮುಟ್ಟಬಹುದು ಎಂದು ಧೈರ್ಯ ಹೇಳಿದವರೂ ನೀವೇ ಅಂತೆ. ಆ ‘ಸ್ವಲ್ಪ ಹೊತ್ತು’ ಅಂದರೆ ನಾನು ಕಣ್ರೀ! ನಾನು ಪಕ್ಕದವಳ ಜೊತೆ ಮಾತಾಡುತ್ತಿದ್ದರೆ ನಿಮ್ಮವರು ಬದುಕುತ್ತಾರೆ. ಅವತ್ತು ಪಕ್ಕದವಳು ರಜೆ ಹಾಕಿದ್ದಳು, ಫೋನು ಸುಮ್ಮನಿತ್ತು, ನನಗೆ ಬೇರೆ ಕೆಲಸವಿರಲಿಲ್ಲ. ಬಂದ ತಕ್ಷಣ ಒತ್ತಿಬಿಟ್ಟೆ.

ವಿಚಾರಣೆಯಲ್ಲಿ ಅವನು ನಿಮ್ಮ ಹೆಸರೆತ್ತಲಿಲ್ಲ. ‘ಗಮನ ಎಲ್ಲೋ ಇತ್ತು ಸಾರ್’ ಎಂದು ಎಲ್ಲವನ್ನೂ ತನ್ನ ತಲೆಗೇ ಕಟ್ಟಿಕೊಂಡ. ಸಾಹೇಬರು ಸುಳ್ಳು ಫಾರ್ಮ್ ಕಳಿಸಿದ ಎಂದು ಬರೆದುಕೊಂಡು ಫೈಲು ಮುಚ್ಚಿದರು. ಅಷ್ಟೇ ಅಲ್ಲ, ಮುಂದಿನ ತಿಂಗಳಿಂದ ಎಲ್ಲ ಕಡೆಯೂ ಫಾರ್ಮ್ ಹಸಿರಾದ ಕೂಡಲೇ ಯಂತ್ರವೇ ಕರೆಂಟು ಕೊಡುತ್ತದಂತೆ, ನಮ್ಮಂಥವರು ಒತ್ತುವುದೇ ಬೇಡವಂತೆ. ನಿಮ್ಮ ಆ ಸ್ವಲ್ಪ ಹೊತ್ತೂ ಹೋಯಿತು ಎಂದು ತಿಳಿಯಿರಿ. ಅದು ಎಷ್ಟು ಅನುಕೂಲ ಎಂದು ಅವರು ನನಗೇ ವಿವರಿಸಿದರು.

ಈಗ ನನ್ನ ಪಾಡು ಕೇಳಿ. ಹಸಿರಾದರೂ ಒತ್ತುವುದಿಲ್ಲ, ಪ್ರತಿಯೊಬ್ಬರಿಗೂ ಫೋನ್ ಮಾಡಿ ಕೆಳಗಿದ್ದೀರಾ ಎಂದು ಕೇಳುತ್ತೇನೆ. ‘ಇದೀವಕ್ಕಾ, ಬೇಕಾದ್ರೆ ಕುಣಿದು ತೋರಿಸ್ಲಾ’ ಎಂದು ರೇಗಿಸುತ್ತಾರೆ. ಫೋನ್ ಸಿಗದಿದ್ದರೆ ಸಿಗುವ ತನಕ ಮತ್ತೆ ಮತ್ತೆ ಮಾಡುತ್ತೇನೆ. ಮನೆಯಲ್ಲಿ ದೀಪದ ಸ್ವಿಚ್ ಹಾಕಲೂ ಪುಟ್ಟಿಯನ್ನು ಕರೆಯುತ್ತೇನೆ. ‘ಅಮ್ಮಂಗೆ ಕೈ ನೋವಾ?’ ಎಂದು ಕೇಳುತ್ತಾಳೆ, ಹೂಂ ಎನ್ನುತ್ತೇನೆ. ಆದರೆ ನಿಜವಾದ ಭಯ ಅದಲ್ಲ. ನಿಮ್ಮ ಕ್ಯಾಂಪು ಇರುವುದೇ ತಗ್ಗಿನಲ್ಲಿ. ಹೆಂಡತಿಗೆ ಫೋನ್ ಮಾಡಲು ದಿಬ್ಬ ಹತ್ತುವವರು ಫಾರ್ಮ್ ಕಳಿಸಲು ಎಲ್ಲಿಗೆ ಹತ್ತುತ್ತೀರಿ ಎಂದು ಕೇಳಬೇಕಾಗಿಯೇ ಇಲ್ಲ. ಆ ಕಡೆಯ ಕಂಟ್ರೋಲ್ ರೂಮಿನಲ್ಲಿ ಕೂತವರ ಮುಖ ನಾನು ನೋಡಿಲ್ಲ. ಚುರುಕಿನವರೋ, ನಿಧಾನದವರೋ? ಸೋಮಾರಿಗಳಾಗಿರಲಿ ದೇವರೇ ಎಂದು ದಿನಾ ಬೇಡಿಕೊಳ್ಳುತ್ತೇನೆ.

ಇಡೀ ಕಂಪನಿಯಲ್ಲಿ ನಿಮ್ಮಷ್ಟು ಚುರುಕಾಗಿ ಹತ್ತಿ ಇಳಿಯುವವರಿಲ್ಲ ಎಂದು ನಿಮಗೆ ಹೆಮ್ಮೆ. ನನಗೇನು ಕಡಿಮೆಯೇ? ನಾನು ನಿಮ್ಮನ್ನು ಮೊದಲು ನೋಡಿದ್ದೇ ಕಂಬದ ಮೇಲೆ, ಮೆಚ್ಚಿದ್ದೂ ಅಲ್ಲಿಯೇ. ಹತ್ತುವುದನ್ನು ಬಿಡಿಸಿದರೆ ನೀವು ಅರ್ಧ ಮನುಷ್ಯ ಆಗಿಹೋಗುತ್ತೀರಿ ಎಂದು ಬಲ್ಲೆ. ಅದನ್ನು ಕೇಳುತ್ತಿಲ್ಲ. ಇಳಿದು, ನೆಲದ ಮೇಲೆ ಎರಡೂ ಕಾಲಿಟ್ಟು, ಸಿಗ್ನಲ್ ಸಿಗುವ ತನಕ ನಡೆದು, ಆಮೇಲೆ ಕಳಿಸಿ. ಕೆಂಪು ಬೀಳಲಿ. ಸಂಬಳ ಹಿಡಿದರೆ ಹಿಡಿಯಲಿ, ನಾನು ಹೇಗೋ ತೂಗಿಸುತ್ತೇನೆ.

ಅತ್ತೆಯ ಆಶೀರ್ವಾದ ನಿಮ್ಮ ತಲೆಯ ಮೇಲಿರಲಿ. ಪುಟ್ಟಿ ಒಂದು ಸಿಳ್ಳೆ ಕಳಿಸಿದ್ದಾಳೆ, ಕಾಗದದಲ್ಲಿ ಹಾಕಲು ಆಗಲಿಲ್ಲ.

ಊಟಕ್ಕೆ ಕೂತಾಗಲೂ ನಿಮ್ಮನ್ನೇ ನೆನೆಯುವ,
ನಿಮ್ಮವಳು

ವಿ.ಸೂ.: ಗುರುವಾರ ಬೆಳಿಗ್ಗೆ, ಆಫೀಸಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕ್ಯಾಂಪಿಗೆ ಹೊರಟ ವ್ಯಾನಿನವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದಾನೆ. ಕಾಗದ ಮಡಚಿದ ಮೇಲೆ ನನಗೆ ಚೆನ್ನಾಗಿ ಗೊತ್ತಾಯಿತು: ನೀವು ಇದನ್ನು ಓದುತ್ತೀರಿ, ‘ಹುಚ್ಚಿ’ ಎನ್ನುತ್ತೀರಿ, ಜೇಬಿಗೆ ತುರುಕಿಕೊಂಡು ಹತ್ತುತ್ತೀರಿ. ಅದಕ್ಕೇ ಈಗ ತಾನೇ ಸಾಹೇಬರ ಹತ್ತಿರ ಹೋಗಿ ಎಲ್ಲ ಹೇಳಿಬಿಟ್ಟೆ. ಕಲಿಸಿಕೊಟ್ಟವರು ನನ್ನ ಗಂಡ ಎಂದೂ ಹೇಳಿದೆ. ನಿಮ್ಮನ್ನು ಇನ್ನು ಕಂಬ ಹತ್ತಿಸಬಾರದು ಎಂಬ ಆದೇಶ ಇದೇ ವ್ಯಾನಿನಲ್ಲಿ ಬರುತ್ತಿದೆ. ಬೆಲ್ಟು ಕೇಳಿದರೆ ಜಗಳ ಮಾಡದೆ ಬಿಚ್ಚಿಕೊಡಿ. ನನ್ನನ್ನು ಕ್ಷಮಿಸುವುದು ಬೇಡ. ಮನೆಗೆ ಬಂದು ನನ್ನ ಜೊತೆ ಮಾತು ಬಿಟ್ಟು ಮೂಲೆಯಲ್ಲಿ ಕೂತಿರಿ, ಅಷ್ಟು ಸಾಕು ನನಗೆ.