ನಿಮ್ಮ ಗೋದಾಮಿನಲ್ಲಿ ಸಿಕ್ಕಿಬಿದ್ದಿರುವ ನಮ್ಮ ಟೆಸ್ಟ್ ಪಂದ್ಯ

ಅನಧಿಕೃತ ಫಲಕಗಳ ತೆರವಿನ ಉಸ್ತುವಾರಿ ಹೊತ್ತ ಮಾನ್ಯರೇ,

ನಮ್ಮ ಕ್ರಾಸಿನಿಂದ ಹೊತ್ತುಕೊಂಡು ಹೋಗಿರುವ ಬೋರ್ಡನ್ನು ವಾಪಸು ಕೊಡಿ. ಮೂರಡಿ ಉದ್ದ, ಎರಡಡಿ ಅಗಲದ ಕಪ್ಪು ಹಲಗೆ. ಬಲಗಡೆಯ ಮೂಲೆ ಮುರಿದಿದೆ. ಅದರ ಮೇಲೆ ಬಿಳಿ ಚಾಕ್‌ಪೀಸಿನಲ್ಲಿ ‘ಐದನೇ ದಿನ. ಟೀ. ಅವರು 8ಕ್ಕೆ 231’ ಎಂದು ಬರೆದಿದೆ. ಬರೆದವಳು ನಾನೇ. ಚಾಕ್‌ಪೀಸು ಇನ್ನೂ ನನ್ನ ಬೆರಳುಗಳ ನಡುವೆ ಇರುವಾಗಲೇ ನಿಮ್ಮ ಸಿಬ್ಬಂದಿ ಅದನ್ನು ಟ್ರ್ಯಾಕ್ಟರಿಗೆ ಹಾಕಿದರು. ಪಂದ್ಯಕ್ಕೆ ಇನ್ನೂ ಒಂದು ಅವಧಿ ಬಾಕಿಯಿತ್ತು. ನಾವು ಗೆಲ್ಲಲು ಎರಡೇ ವಿಕೆಟ್ ಬೇಕಿತ್ತು. ಭಾರತದ ಬೌಲರುಗಳು ನಾಲ್ಕು ದಿನ ಬೆವರು ಸುರಿಸಿ ತಂದು ನಿಲ್ಲಿಸಿದ ಜಾಗದಿಂದ ಇಡೀ ಪಂದ್ಯವನ್ನೇ ಎತ್ತಿಕೊಂಡು ಹೋದ ನಿಮ್ಮ ಕಾರ್ಯದಕ್ಷತೆಯನ್ನು ನೋಡಿ ನಾವು ಬೆರಗಾದೆವು.

ಬೋರ್ಡು ಇದ್ದ ಜಾಗದ ಮೇಲ್ಗಡೆಯೇ ಒಂದು ಫ್ಲೆಕ್ಸ್ ಇದೆ, ನೀವು ನೋಡಿರಬಹುದು. ಕಾಣದೇ ಇರುವುದಕ್ಕೆ ಅದೇನು ಸಣ್ಣದಲ್ಲ. ಒಬ್ಬ ಮುಖಂಡರಿಗೆ ಹುಟ್ಟುಹಬ್ಬದ ಶುಭಾಶಯ, ಕೆಳಗೆ ನಲವತ್ತಮೂರು ಮುಖಗಳು. ಹುಟ್ಟುಹಬ್ಬ ಕಳೆದು ಐದು ತಿಂಗಳಾಯಿತು. ಅದರ ಹಗ್ಗವನ್ನು ನಮ್ಮ ಬೋರ್ಡಿನ ಮೊಳೆಗೇ ಕಟ್ಟಿದ್ದರು. ಮೊಳೆ ಕಿತ್ತಾಗ ಫ್ಲೆಕ್ಸಿನ ಒಂದು ಮೂಲೆ ಜೋತುಬಿತ್ತು. ನಿಮ್ಮ ಸಿಬ್ಬಂದಿ ಕೂಡಲೇ ಏಣಿ ಹತ್ತಿ ಆ ಹಗ್ಗವನ್ನು ಬಿಗಿಯಾಗಿ ಬೇರೆ ಕಡೆ ಕಟ್ಟಿ ಇಳಿದರು. ಅನಧಿಕೃತ ಫಲಕಗಳ ಮೇಲಿನ ನಿಮ್ಮ ಸಮರ ಇಷ್ಟೊಂದು ಕರುಣೆಯಿಂದ ಕೂಡಿದೆ ಎಂಬುದು ಆವರೆಗೆ ನನಗೆ ಗೊತ್ತಿರಲಿಲ್ಲ.

ನಾನು ಓದಿದ್ದು ಹೆಚ್ಚೇನೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹಂಚುವ ಕಿರುಹೊತ್ತಗೆಗಳು, ಮಾಹಿತಿ ಹಕ್ಕಿನ ಕೈಪಿಡಿ, ಈಸೂರಿನ ಹೋರಾಟದ ಬಗ್ಗೆ ಎರಡು ಪುಸ್ತಿಕೆ, ಅಷ್ಟೆ. ೧೯೪೨ರಲ್ಲಿ ಈಸೂರಿನವರೂ ಒಂದು ಬೋರ್ಡು ನೇತುಹಾಕಿದ್ದರು, ಆಗಿನ ಅಧಿಕಾರಿಗಳಿಗೂ ಅದು ಸಹ್ಯವಾಗಲಿಲ್ಲ ಎಂದು ಅವುಗಳಲ್ಲಿ ಓದಿದ್ದೇನೆ. ಹೋಲಿಕೆ ಅತಿಯಾಯಿತು, ಒಪ್ಪುತ್ತೇನೆ. ಆ ಬೋರ್ಡಿನಲ್ಲಿ ಸ್ವಾತಂತ್ರ್ಯ ಇತ್ತು. ನಮ್ಮದರಲ್ಲಿ ಇದ್ದದ್ದು ಟೀ ಸ್ಕೋರು. ಅದಕ್ಕೂ ಹೆದರುವ ಸರ್ಕಾರಿ ಕಚೇರಿ ಇರಬಹುದು ಎಂದು ಯಾವ ಪುಸ್ತಿಕೆಯಲ್ಲೂ ಬರೆದಿರಲಿಲ್ಲ.

ನಮ್ಮ ಪದ್ಧತಿಯನ್ನು ನಿಮಗೆ ತಿಳಿಸಬೇಕು. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ನಮ್ಮ ಕ್ರಾಸು. ಅಲ್ಲಿ ಚೌಡಪ್ಪನವರ ಪಂಕ್ಚರ್ ಅಂಗಡಿ, ಅಂಗಡಿಯ ಗೋಡೆಗೆ ಬೋರ್ಡು. ಟೆಸ್ಟ್ ಇದ್ದಾಗ ದಿನಕ್ಕೆ ಮೂರು ಸಲ, ಊಟಕ್ಕೆ, ಟೀಗೆ, ಆಟ ಮುಗಿದಾಗ, ನಾನು ಸ್ಕೋರು ಬರೆಯುತ್ತೇನೆ. ‘ನಾವು’ ಎಂದರೆ ಭಾರತ, ‘ಅವರು’ ಎಂದರೆ ಯಾರು ಆಡಲು ಬಂದಿದ್ದಾರೋ ಅವರು. ಖಾಸಗಿ ಬಸ್ಸಿನ ಕಂಡಕ್ಟರ್ ಉದಯ ಅದನ್ನು ಟಿಕೆಟಿನ ಹಿಂದೆ ಬರೆದುಕೊಂಡು ಕುಪ್ಪಗಡ್ಡೆಯವರೆಗೆ ಪ್ರತಿ ಸ್ಟಾಪಿನಲ್ಲೂ ಕೂಗಿ ಹೇಳುತ್ತಾನೆ. ಇನ್ನು ನಿಯಮ ಒಂದೇ: ಬೋರ್ಡಿಗೆ ಬರುವ ಮೊದಲು ಸ್ಕೋರು ಯಾರ ಬಾಯಿಂದಲೂ ಬರಬಾರದು. ಮೊಬೈಲಿನಲ್ಲಿ ನೋಡಿದವರು ಬಾಯಿ ಮುಚ್ಚಿಕೊಂಡಿರಬೇಕು. ಬಾಯಿಬಿಟ್ಟವರು ಒಂದು ಡಬ್ಬಿ ಚಾಕ್‌ಪೀಸು ತಂದುಕೊಡಬೇಕು. ಗೊಬ್ಬರದ ಅಂಗಡಿಯ ಗುರುಪ್ರಕಾಶ್ ಒಂದೇ ಸರಣಿಯಲ್ಲಿ ಮೂರು ಡಬ್ಬಿ ತಂದಿದ್ದಾರೆ.

‘ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಬೋರ್ಡು ಯಾಕ್ರೀ?’ ಎಂದು ನಾವು ಕಚೇರಿಗೆ ಬಂದಾಗ ನೀವು ಕೇಳಿದಿರಿ. ಸ್ವಾಮಿ, ಎಲ್ಲರ ಮನೆಯಲ್ಲೂ ಒಲೆ ಇದೆ, ಹಾಗೆಂದು ಮದುವೆ ಊಟ ನಿಲ್ಲಿಸಿದ್ದೇವೆಯೇ? ಸ್ಕೋರು ತಿಳಿಯುವುದು ಬೇರೆ, ಸ್ಕೋರಿಗೆ ಕಾಯುವುದು ಬೇರೆ. ದಿನವಿಡೀ ಕ್ರೀಸಿನಲ್ಲಿ ನಿಂತು, ರನ್ನನ್ನೇ ಹೊಡೆಯದೆ, ಮರ್ಯಾದೆ ಗಳಿಸಬಹುದಾದ ಆಟ ಲೋಕದಲ್ಲಿ ಇದೊಂದೇ. ಕುರ್ಚಿಯಲ್ಲಿ ಕೂತು ಅದೇ ಕೆಲಸ ಮಾಡುವವರಿಗೆ ಇದರ ಮೇಲೆ ಯಾಕಿಷ್ಟು ಸಿಟ್ಟು? ನಮ್ಮ ಕ್ರಾಸಿನ ಚರಂಡಿಯ ಅರ್ಜಿ ನಿಮ್ಮಲ್ಲಿಗೆ ಬಂದು ಎರಡು ವರ್ಷವಾಯಿತು. ಅದಕ್ಕೆ ಹೋಲಿಸಿದರೆ ಐದು ದಿನದ ಪಂದ್ಯ ಮಿಂಚಿನ ವೇಗದ್ದು.

ಈಗ ಮೂಕಮ್ಮನ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಅವರಿಗಾಗಿ. ಕುರಿ ಸಾಕುವವರು, ವಯಸ್ಸು ಅರವತ್ತರ ಮೇಲೆ. ಅಕ್ಷರ ಬಾರದು, ಆದರೆ ಅಂಕಿ ಓದುತ್ತಾರೆ. ಹಿಂದೆ ದೊಡ್ಡ ಕುರಿಗಳು ಮೇಯಲು ಹೋದಾಗ ಹಟ್ಟಿಯಲ್ಲಿ ಉಳಿದ ಮರಿಗಳ ಹತ್ತಿರ ನಾಯಿ ಬಾರದಿರಲೆಂದು ಇಡೀ ದಿನ ರೇಡಿಯೋ ಹಾಕಿಡುತ್ತಿದ್ದರಂತೆ. ಬೆಳಗಿನಿಂದ ಸಂಜೆಯವರೆಗೆ ನಿಲ್ಲದೆ ಮಾತಾಡುವ ಕಾರ್ಯಕ್ರಮ ಬೇಕಿತ್ತು. ಟೆಸ್ಟ್ ಕಾಮೆಂಟರಿ ಸಿಕ್ಕಿತು. ಮರಿಗಳ ಜೊತೆ ಇವರೂ ಕೇಳಿ ಕಲಿತರು. ರೇಡಿಯೋ ಹೋಯಿತು, ಬೋರ್ಡು ಬಂತು. ಈಗಲೂ ಗದ್ದೆ ಕೊಯ್ಲಾದ ಮೇಲೆ ಕುರಿಗಳನ್ನು ಕ್ರಾಸಿನ ಬಳಿಯ ಕೂಳೆಗೆ ಬಿಟ್ಟು ಬೋರ್ಡಿನ ಎದುರು ಬಂದು ನಿಲ್ಲುತ್ತಾರೆ.

‘ಹೆಂಗೈತೆ ತಂಗಿ ನಮ್ದು?’

‘ಇನ್ನೆರಡು ತೆಗೀಬೇಕು, ಮೂಕಮ್ಮಾ.’

‘ಬಾಲದೋರು ಭಾರಿ ಕಾಡ್ತಾರೆ ನೋಡು. ಮುಂದಿನೋರ್ನ ಬೇಕಾದ್ರೆ ತೆಗೀಬೋದು.’

ಆ ಮಧ್ಯಾಹ್ನ ಇಷ್ಟು ಮಾತಾಡುವಷ್ಟರಲ್ಲಿ ನಿಮ್ಮ ಟ್ರ್ಯಾಕ್ಟರ್ ಬಂತು.

ಸಂಜೆ ಐದಕ್ಕೆ ಬಸ್ಸು ನಿಂತಿತು. ಉದಯ ಫುಟ್‌ಬೋರ್ಡಿನಿಂದಲೇ ಬಗ್ಗಿ ಕೇಳಿದ: ‘ಎಂತಾಯ್ತು ಮಾರಾಯ್ತಿ? ಬೋರ್ಡೆಲ್ಲಿ?’ ನನಗೆ ಫಲಿತಾಂಶ ಗೊತ್ತಿತ್ತು. ಆದರೆ ಬರೆಯಲು ಜಾಗವಿರಲಿಲ್ಲ, ನಿಯಮ ನಿಯಮವೇ. ಗೋಡೆಗೇ ಬರೆಯುತ್ತೇನೆ ಎಂದರೆ ಚೌಡಪ್ಪ ಅಡ್ಡ ಬಂದರು. ‘ಬ್ಯಾಡ್ರವ್ವಾ, ಆಮ್ಯಾಲೆ ಗ್ವಾಡೆನೂ ಕಿತ್ಕೊಂಡ್ ಹೋಗ್ತಾರೆ!’ ಉದಯ ಒಂದು ಗಳಿಗೆ ಯೋಚಿಸಿ, ಸೀಟಿ ಊದಿ, ದಾರಿಯುದ್ದಕ್ಕೂ ಕೂಗಿಕೊಂಡು ಹೋದ: ‘ಇನ್ನೂ ಟೀ! ಇನ್ನೂ ಟೀ!’ ಮರುದಿನವೂ ಅದನ್ನೇ ಕೂಗಿದ. ಗೊತ್ತಿದ್ದವರು ಬಾಯಿಬಿಡಲಿಲ್ಲ, ಗೊತ್ತಿಲ್ಲದವರು ಕಾದರು. ಜಗತ್ತಿನ ಕ್ರಿಕೆಟ್ಟಿನಲ್ಲಿ ಎರಡು ದಿನ ನಡೆದ ಚಹಾ ವಿರಾಮ ಇದೊಂದೇ ಇರಬೇಕು. ಈ ಕೀರ್ತಿ ನಿಮ್ಮದು.

ಮೂರನೇ ದಿನ ಕುರಿಗಳನ್ನು ತಮ್ಮ ಸ್ವಂತ ತಂಗಿಯ ಸುಪರ್ದಿಗೆ ಒಪ್ಪಿಸಿ ಮೂಕಮ್ಮ ನನ್ನ ಜೊತೆ ನಿಮ್ಮ ಕಚೇರಿಗೆ ಬಂದರು. ನಿಮಗೆ ನೆನಪಿರಬಹುದು. ಅವರು ಕೈಮುಗಿದು, ‘ಸಾಹೇಬ್ರೇ, ಆಟ ಅರ್ಧಕ್ಕೆ ನಿಂತೈತೆ, ಹಲಗೆ ಕೊಟ್ಟುಬಿಡ್ರಿ’ ಎಂದರು. ನೀವು ನಕ್ಕಿರಿ. ಮೊಬೈಲಿನಿಂದ ತಲೆಯೆತ್ತಿ ಹೇಳಿದಿರಿ: ‘ಅದೆಲ್ಲಿ ನಿಂತೈತೆ? ಡ್ರಾ ಆಯ್ತಲ್ಲಮ್ಮ ಮ್ಯಾಚು! ಟೀ ಆದ್ಮೇಲೆ ಒಂದೇ ವಿಕೆಟ್ ಬಿದ್ದಿದ್ದು. ಕೊನೇ ಜೋಡಿ ಹನ್ನೊಂದು ಓವರ್ ನಿಂತುಬಿಡ್ತು. ಕೊನೇ ಬಾಲಿಗೆ ಸ್ಲಿಪ್ಪಲ್ಲಿ ಕ್ಯಾಚ್ ಬಿಟ್ಟ ಕಣ್ರೀ, ನಂಗೆ ಹೊಟ್ಟೆ ಉರಿದುಹೋಯ್ತು!’

ಹನ್ನೊಂದು ಓವರ್! ಕೊನೇ ಬಾಲು! ಕೆಲಸದ ದಿನ, ಸಂಜೆ ನಾಲ್ಕೂವರೆಗೆ, ನಮ್ಮ ಬೋರ್ಡು ನಿಮ್ಮ ಗೋದಾಮಿನ ಗೋಡೆಗೆ ಮುಖ ಮಾಡಿ ನಿಂತಿದ್ದಾಗ, ನೀವು ಒಂದೊಂದು ಬಾಲನ್ನೂ ನೋಡುತ್ತಿದ್ದಿರಿ. ನಿಮಗೆ ಕ್ರಿಕೆಟ್ ಮೇಲೆ ದ್ವೇಷವಿದೆ ಎಂದುಕೊಂಡಿದ್ದೆ. ಅದಾದರೂ ಇದ್ದಿದ್ದರೆ ಚೆನ್ನಾಗಿತ್ತು. ನೀವು ಒಬ್ಬರೇ ನೋಡುವ ಅಭಿಮಾನಿ. ಎರಡು ದಿನ ಒಂದು ಬಸ್ಸಿನ ದಾರಿಯುದ್ದಕ್ಕೂ ಜನ ಬಾಯಿಕಟ್ಟಿ ಕಾಪಾಡಿದ್ದನ್ನು ನೀವು ಅರ್ಧ ನಿಮಿಷದಲ್ಲಿ ಒಬ್ಬ ಹೆಂಗಸಿನ ಮುಂದೆ ಚೆಲ್ಲಿದಿರಿ. ಚೆಲ್ಲಿದ್ದು ನಿಮಗೆ ಗೊತ್ತೇ ಆಗಲಿಲ್ಲ.

ವಾಪಸು ಬರುವಾಗ ಮೂಕಮ್ಮ, ಬಸ್ಸು ಕ್ರಾಸಿನ ಹತ್ತಿರ ಬಂದಾಗ ಹೇಳಿದರು: ‘ಆ ಸಾಹೇಬ್ರಿಗೂ ಹೊಟ್ಟೆ ಉರೀತಂತಲ್ಲ, ಪಾಪ. ಯಾರ ತಾವ ಹೇಳ್ಕೊಂಡ್ರೋ ಏನೋ.’ ಆಮೇಲೆ ಕಿಟಕಿಯಾಚೆ ಬರಿಗೋಡೆ ನೋಡುತ್ತಾ, ‘ನಾನಂತೂ ನಂಬಂಗಿಲ್ಲ ತಂಗಿ. ಬೋರ್ಡಿಗೆ ಬರ್ಲಿ’ ಎಂದರು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಮುಂದಿನ ಟೆಸ್ಟ್ ಬರುವ ಗುರುವಾರ ಶುರುವಾಗುತ್ತದೆ. ಅದಕ್ಕೆ ಮೊದಲು ಬೋರ್ಡು ವಾಪಸು ಬರಬೇಕು, ಅದರ ಮೇಲಿನ ಬರಹವನ್ನು ಯಾರೂ ಒರೆಸಿರಬಾರದು. ಅದನ್ನು ತರಲು ಟ್ರ್ಯಾಕ್ಟರ್ ಕಳಿಸಬೇಡಿ, ನೀವೇ ಬನ್ನಿ. ಮೂಕಮ್ಮನ ಎದುರು ನಿಂತು, ಟೀ ಸ್ಕೋರಿನ ಕೆಳಗೆ, ನಿಮ್ಮ ಕೈಯಾರೆ ‘ಡ್ರಾ’ ಎಂದು ಬರೆಯಿರಿ. ಬಿಟ್ಟ ಆ ಕ್ಯಾಚಿನ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಹೊಟ್ಟೆ ಉರಿದುಕೊಳ್ಳಿ, ಜೊತೆಗೆ ನಾವೂ ಇರುತ್ತೇವೆ. ಬರುವಾಗ ಒಂದು ಡಬ್ಬಿ ಚಾಕ್‌ಪೀಸು ತರುವುದನ್ನು ಮರೆಯಬೇಡಿ. ನೀವು ಬಾಯಿಬಿಟ್ಟಿದ್ದೀರಿ. ನಿಯಮ ಗುರುಪ್ರಕಾಶರಿಗೂ ನಿಮಗೂ ಒಂದೇ.

ಇಂತಿ,
ಐದನೇ ದಿನದ ಚಹಾ ವಿರಾಮದಲ್ಲಿ ಇನ್ನೂ ಕೂತೇ ಇರುವ,
ಶರಣ್ಯ
ಸದ್ಯಕ್ಕೆ ಬೋರ್ಡಿಲ್ಲದ ಸ್ಕೋರು ಬರೆಯುವವಳು